ಒಂಬತ್ತನೆಯ ದಿನದ ಬಾಗಿಲು

ಉಟಗಿಯಂಥ ಊರಿನಲ್ಲಿ ಬೇಸಿಗೆ ಬಂತೆಂದರೆ ದನ ಕಟ್ಟಿದ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಆಕಳು ಮತ್ತ ಬೆದಿಗೆ ಬಂತು." ಮೂರು ವಾರದ ಹಿಂದೆ ಡಾಕ್ಟರರನ್ನು ಕರೆಸಿ ಕೃತಕ ಗರ್ಭಧಾರಣೆ ಮಾಡಿಸಿದ್ದಾಗಿದೆ. ಖರ್ಚೂ ಆಗಿದೆ. ಆಕಳು ಮೇಯುತ್ತಿದೆ, ಮೈಯಲ್ಲಿ ರೋಗದ ಗುರುತಿಲ್ಲ. ಆದರೂ ಗಬ್ಬ ನಿಲ್ಲಲಿಲ್ಲ. ಇದು ಎರಡು ಸಲ, ಮೂರು ಸಲ ಮರುಕಳಿಸಿದರೆ ಮನೆಯ ಹಿರಿಯರ ಬಾಯಿಂದ ಒಂದು ತೀರ್ಪು ಹೊರಬೀಳುತ್ತದೆ: "ಇದು ಗೊಡ್ಡು." ಆ ಮಾತು ಬಿದ್ದ ಮೇಲೆ ಆಕಳು ಸಂತೆಯ ದಾರಿ ಹಿಡಿಯುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಮಳೆ ನೆಚ್ಚುವಂತಿಲ್ಲದ ಜತ್ತ ತಾಲೂಕಿನಲ್ಲಿ ಜೋಳ, ಸಜ್ಜೆ ಕೈಕೊಟ್ಟ ವರ್ಷ ಮನೆಯನ್ನು ಹಿಡಿದು ನಿಲ್ಲಿಸುವುದು ಹಾಲಿನ ಹಣ. ಒಂದು ಕರುವಿನ ನಷ್ಟವೆಂದರೆ ಆ ಮನೆಗೆ ಒಂದು ವರ್ಷದ ನಷ್ಟ.

ಕೊಟ್ಟಿಗೆಯಲ್ಲಿ ಆಡುವ ಈ ಮಾತಿಗೆ ಮನೆಯೊಳಗೆ ಇನ್ನೊಂದು ರೂಪವಿದೆ. ಮದುವೆಯಾಗಿ ನಾಲ್ಕು ವರ್ಷ ಕಳೆದ ಸೊಸೆಯ ಮಡಿಲು ತುಂಬದಿದ್ದರೆ ಅದೇ ಬಗೆಯ ತೀರ್ಪು ಅವಳ ಮೇಲೂ ಬೀಳುತ್ತದೆ, ಇನ್ನಷ್ಟು ಕ್ರೂರವಾಗಿ. ತೀರ್ಪು ಬಹಳ ಹಳೆಯದು. ಆದರೆ ಆ ಮೊದಲ ಕೆಲವು ದಿನಗಳಲ್ಲಿ ಗರ್ಭದೊಳಗೆ ನಿಜವಾಗಿ ಏನು ನಡೆಯುತ್ತದೆ ಎಂಬ ಅರಿವು ಕೆಲವೇ ದಶಕಗಳಷ್ಟು ಹೊಸದು. ಆ ದಿನಗಳ ಘಟನೆಗಳಲ್ಲಿ ತೀರ ಮುಖ್ಯವಾದ, ಆದರೆ ಹೆಚ್ಚಿನವರ ಕಿವಿಗೆ ಬೀಳದ ಒಂದು ಸಂಗತಿಯಿದೆ. ಅದು ಭ್ರೂಣವು ತನ್ನ ಸುತ್ತಲಿನ ಪೊರೆಯನ್ನು ಒಡೆದುಕೊಂಡು ಹೊರಬರುವ ಸಂಗತಿ.

ತತ್ತಿಯಿಂದ ಬರುವ ಕರು

ಕೋಳಿಯ ಕಾವಿನಲ್ಲಿ ಇಪ್ಪತ್ತೊಂದು ದಿನವಿದ್ದ ತತ್ತಿಯನ್ನು ಒಳಗಿನಿಂದಲೇ ಕುಕ್ಕಿ ಮರಿ ಹೊರಬರುವುದನ್ನು ಹಳ್ಳಿಯ ಮಕ್ಕಳೆಲ್ಲ ಕಂಡಿರುತ್ತಾರೆ. ಕರು, ಕುರಿಮರಿ, ಮನುಷ್ಯರ ಕೂಸು ಕೂಡ ಒಮ್ಮೆ ಹೀಗೆಯೇ ಹೊರಬಂದವು ಎಂದರೆ ಅವರು ನಕ್ಕಾರು. ಆದರೆ ಮಾತು ನಿಜ. ಆಕಳಿನಲ್ಲಿ ಗರ್ಭ ಧರಿಸಿದ ಒಂಬತ್ತನೆಯ ಅಥವಾ ಹತ್ತನೆಯ ದಿನ, ಕುರಿಯಲ್ಲಿ ಎಂಟು ಒಂಬತ್ತನೆಯ ದಿನ, ಮನುಷ್ಯರಲ್ಲಿ ಆರು ಏಳನೆಯ ದಿನ ಈ ಘಟನೆ ನಡೆಯುತ್ತದೆ. ಆಗ ಭ್ರೂಣದ ಗಾತ್ರ ಸಣ್ಣ ರವೆಯ ಕಣಕ್ಕಿಂತ ಹೆಚ್ಚಿಲ್ಲ. ಹೆರಿಗೆಗೆ ಎಷ್ಟೋ ತಿಂಗಳು ಮೊದಲು, ತಾಯಿಗೂ ತಿಳಿಯದಂತೆ, ಪ್ರತಿಯೊಂದು ಜೀವವೂ ಹೀಗೆ ಒಮ್ಮೆ ಹುಟ್ಟಿಕೊಂಡಿರುತ್ತದೆ.

ಕೋಳಿಯ ತತ್ತಿಯ ಚಿಪ್ಪು ಸುಣ್ಣದ್ದು. ಸಸ್ತನಿಗಳ ಅಂಡದ ಸುತ್ತ ಇರುವುದು ಗಾಜಿನಂತೆ ಹೊಳೆಯುವ ಮೆದುವಾದ ಪೊರೆ. ವಿಜ್ಞಾನಿಗಳು ಇದನ್ನು ಝೋನಾ ಪೆಲ್ಯೂಸಿಡಾ ಎನ್ನುತ್ತಾರೆ. ಲ್ಯಾಟಿನ್ ಮೂಲದ ಈ ಹೆಸರಿನ ಅರ್ಥವೂ ಪಾರದರ್ಶಕ ಪಟ್ಟಿ ಎಂದೇ. ಅಂಡವು ಅಂಡಾಶಯದಲ್ಲಿ ಬಲಿಯುತ್ತಿರುವಾಗಲೇ ಈ ಪೊರೆಯನ್ನು ತನ್ನ ಸುತ್ತ ತಾನೇ ನೇಯ್ದುಕೊಳ್ಳುತ್ತದೆ. ಸಕ್ಕರೆಯ ಅಣುಗಳು ಅಂಟಿಕೊಂಡ ಪ್ರೋಟೀನುಗಳು ಇದರ ನೂಲು. ಇಲಿಯ ಪೊರೆಯಲ್ಲಿ ಅಂಥ ಮೂರು ಬಗೆಯ ಪ್ರೋಟೀನುಗಳಿವೆ, ಮನುಷ್ಯರ ಪೊರೆಯಲ್ಲಿ ನಾಲ್ಕು. ಮನುಷ್ಯರ ಅಂಡದ ಸುತ್ತ ಇದರ ದಪ್ಪ 15ರಿಂದ 20 ಮೈಕ್ರೋಮೀಟರ್, ಎಂದರೆ ತಲೆಗೂದಲಿನ ದಪ್ಪದ ಸುಮಾರು ಕಾಲು ಭಾಗ.

ಇಷ್ಟು ತೆಳುವಾದ ಪೊರೆಯ ಕೆಲಸಗಳು ಮಾತ್ರ ಹಲವು. ಮೊದಲನೆಯದು ಬಾಗಿಲು ಕಾಯುವುದು. ತನ್ನ ಜಾತಿಗೆ ಸೇರದ ಪ್ರಾಣಿಯ ವೀರ್ಯಾಣುವನ್ನು ಅದು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ತನ್ನದೇ ಜಾತಿಯ ಒಂದು ವೀರ್ಯಾಣು ಒಳಹೊಕ್ಕ ಕೂಡಲೇ ಅಂಡವು ಒಂದು ಕಿಣ್ವವನ್ನು ಹೊರಬಿಟ್ಟು ಪೊರೆಯ ಪ್ರೋಟೀನನ್ನು ಕತ್ತರಿಸುತ್ತದೆ, ಪೊರೆ ಗಟ್ಟಿಯಾಗುತ್ತದೆ, ಎರಡನೆಯದಕ್ಕೆ ಬಾಗಿಲು ಮುಚ್ಚುತ್ತದೆ. ಎರಡು ವೀರ್ಯಾಣುಗಳು ಹೊಕ್ಕರೆ ವರ್ಣತಂತುಗಳ ಲೆಕ್ಕ ತಪ್ಪಿ ಭ್ರೂಣ ಉಳಿಯುವುದಿಲ್ಲವಾದ್ದರಿಂದ ಈ ಕಾವಲು ಜೀವದ ಪ್ರಶ್ನೆಯೇ ಸರಿ.

ಎರಡನೆಯ ಕೆಲಸ ಹಿಡಿದಿಡುವುದು. ಫಲಿತ ಅಂಡವು ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಒಡೆಯುತ್ತ ಹೋಗುವಾಗ ಆ ಕೋಶಗಳು ಮೊದಮೊದಲು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ಚೀಲದಲ್ಲಿ ಕಟ್ಟಿದ ಶೇಂಗಾದಂತೆ ಪೊರೆಯೇ ಅವನ್ನು ಒಟ್ಟಿಗೆ ಇಡುತ್ತದೆ. ಮೂರನೆಯ ಕೆಲಸ ದಾರಿಯಲ್ಲಿ ಕಾಪಾಡುವುದು. ಅಂಡನಾಳದೊಳಗೆ ಸಾಗುತ್ತಿರುವ ಭ್ರೂಣ ನಡುದಾರಿಯಲ್ಲಿಯೇ ಗೋಡೆಗೆ ಅಂಟಿ ಬೇರು ಬಿಟ್ಟರೆ ಅನಾಹುತ. ಪೊರೆ ಇರುವ ತನಕ ಅಂಟುವುದು ಆಗದ ಮಾತು.

ಈ ಕಾವಲು ಎಷ್ಟು ಬಲವಾದದ್ದೆಂಬುದನ್ನು ಪಶುವಿಜ್ಞಾನ ಬೇರೊಂದು ಕಡೆ ಕಂಡುಕೊಂಡಿದೆ. ಒಳ್ಳೆಯ ತಳಿಯ ಆಕಳಿನ ಭ್ರೂಣವನ್ನು ಏಳನೆಯ ದಿನ ತೆಗೆದು ಬೇರೆ ಆಕಳಿನ ಗರ್ಭದಲ್ಲಿಡುವ ಪದ್ಧತಿ ಈಗ ಜಗತ್ತಿನಾದ್ಯಂತ ಇದೆ. ಇಂಥ ಭ್ರೂಣಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸುವಾಗ ಅಂತರರಾಷ್ಟ್ರೀಯ ನಿಯಮ ಎರಡು ಸಂಗತಿಗಳನ್ನು ಕೇಳುತ್ತದೆ: ಪೊರೆ ಎಲ್ಲಿಯೂ ಬಿರುಕು ಬಿಟ್ಟಿರಬಾರದು, ಭ್ರೂಣವನ್ನು ಶುದ್ಧ ದ್ರವದಲ್ಲಿ ಹತ್ತು ಸಲ ತೊಳೆದಿರಬೇಕು. ಕಾಲುಬಾಯಿ ರೋಗದ ವೈರಾಣು ಕೂಡ ಅಖಂಡವಾದ ಪೊರೆಯನ್ನು ದಾಟಿ ಒಳಗಿನ ಕೋಶಗಳನ್ನು ಮುಟ್ಟಲಾರದು. ಹಳ್ಳಿಗೆ ಹಳ್ಳಿಯ ದನಗಳನ್ನೇ ಮಲಗಿಸುವ ರೋಗಕ್ಕೆ ಈ ತೆಳು ಪೊರೆ ಅಡ್ಡ ನಿಲ್ಲುತ್ತದೆ.

ಇಷ್ಟೆಲ್ಲ ಉಪಕಾರ ಮಾಡಿದ ಪೊರೆಯನ್ನು ಭ್ರೂಣ ಬಿಟ್ಟು ಬರಲೇಬೇಕು. ಮೊದಲ ವಾರ ಅದು ಅಂಡದಲ್ಲಿದ್ದ ಬುತ್ತಿಯನ್ನೂ ಸುತ್ತಲಿನ ದ್ರವದ ಸಾರವನ್ನೂ ನೆಚ್ಚಿಕೊಂಡು ಬದುಕುತ್ತದೆ. ಬುತ್ತಿ ಮುಗಿಯುತ್ತ ಬರುತ್ತದೆ. ಗರ್ಭಕೋಶದ ಗೋಡೆಯನ್ನು ಮುಟ್ಟಿ ತಾಯಿಯ ರಕ್ತದಿಂದ ಆಹಾರ ಪಡೆಯದೆ ಮುಂದಿನ ದಾರಿಯಿಲ್ಲ. ಪೊರೆಯೊಳಗೆ ಉಳಿದ ಭ್ರೂಣಕ್ಕೆ ಅಂಟಿಕೊಳ್ಳಲಾಗದು, ಬೆಳೆಯಲೂ ಆಗದು. ದಾರಿಯಲ್ಲಿ ಪ್ರಾಣ ಉಳಿಸಿದ ಗೋಡೆ, ತಲುಪಿದ ಮೇಲೆ ಪ್ರಾಣಕ್ಕೆ ಅಡ್ಡಿಯಾಗುತ್ತದೆ. ಒಂದು ದಿನ ಮುಂಚೆ ಒಡೆದರೂ ಕೇಡು, ತಡವಾದರೂ ಕೇಡು.

ಬೆಂಗಳೂರಿನಲ್ಲಿ ಕಂಡದ್ದು

ಹೊರಬರುವ ಈ ಕ್ರಿಯೆ ಹೇಗೆ ನಡೆಯುತ್ತದೆ? ಬಹುಕಾಲ ಪಠ್ಯಪುಸ್ತಕಗಳು ಕೊಟ್ಟ ಉತ್ತರ ಇಲಿಯಿಂದ ಕಲಿತದ್ದು. ಭ್ರೂಣವು ನೂರರ ಸುಮಾರು ಕೋಶಗಳಾದ ಹೊತ್ತಿಗೆ ಅದರ ನಡುವೆ ದ್ರವ ತುಂಬಿದ ಒಂದು ಟೊಳ್ಳು ಮೂಡುತ್ತದೆ. ಹೊರಗಿನ ಒಂದು ಸಾಲಿನ ಕೋಶಗಳು ಮುಂದೆ ಮಾಸಾಗುವವು. ಒಳಗೆ ಒಂದು ಬದಿಗೆ ಕೂತ ಚಿಕ್ಕ ಗುಂಪು ಮುಂದೆ ಮೈಯಾಗುವುದು. ಈ ಹಂತದ ಭ್ರೂಣಕ್ಕೆ ಬ್ಲಾಸ್ಟೊಸಿಸ್ಟ್ ಎಂದು ಹೆಸರು. ಹೊರಸಾಲಿನ ಕೋಶಗಳು ಸೋಡಿಯಮ್ಮನ್ನು ಒಳಗೆ ದೂಡುತ್ತವೆ. ಅದರ ಬೆನ್ನಿಗೆ ನೀರು ಒಳಗೆ ಹರಿಯುತ್ತದೆ. ಭ್ರೂಣ ಪುಗ್ಗೆಯಂತೆ ಉಬ್ಬುತ್ತದೆ. ಪೊರೆ ತೆಳುವಾಗುತ್ತ ಹೋಗಿ ಒಂದು ಕಡೆ ಸೀಳುತ್ತದೆ. ಆ ಸೀಳಿನಿಂದ ಭ್ರೂಣ ನುಸುಳಿ ಹೊರಬರುತ್ತದೆ. ಉಬ್ಬುವಿಕೆಯ ಒತ್ತಡವೇ ಇಲ್ಲಿ ಮುಖ್ಯ, ಕಿಣ್ವಗಳದು ನೆರವು ಎಂಬುದು ಆ ಉತ್ತರದ ಸಾರ.

ಈ ಉತ್ತರವನ್ನು ತಿದ್ದಿದ ಕೆಲಸಗಳಲ್ಲಿ ಒಂದು ನಡೆದದ್ದು ಕರ್ನಾಟಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತಾನೋತ್ಪತ್ತಿ ಮತ್ತು ಬೆಳವಣಿಗೆಯ ಜೀವವಿಜ್ಞಾನಕ್ಕೆಂದೇ ಇರುವ ವಿಭಾಗದಲ್ಲಿ ಪ್ರಾಧ್ಯಾಪಕ ಪಿ. ಬಿ. ಶೇಷಗಿರಿ ಮತ್ತು ಅವರ ವಿದ್ಯಾರ್ಥಿಗಳು ಹಲವು ವರ್ಷ ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದರು. ಅವರು ಆರಿಸಿಕೊಂಡ ಪ್ರಾಣಿ ಹೊನ್ನ ಬಣ್ಣದ ಹ್ಯಾಮ್‌ಸ್ಟರ್, ಸಿರಿಯಾ ಮೂಲದ ಒಂದು ಚಿಕ್ಕ ದಂಶಕ. ಅದರ ಗರ್ಭಾವಧಿ ಕೇವಲ 16 ದಿನ.

ಹ್ಯಾಮ್‌ಸ್ಟರಿನ ಭ್ರೂಣವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದೇ ಒಂದು ಕಾಲದಲ್ಲಿ ದೊಡ್ಡ ಕಷ್ಟವಾಗಿತ್ತು. ಹೊರತೆಗೆದ ಭ್ರೂಣಗಳು ಕೆಲವು ಕೋಶಗಳ ಹಂತದಲ್ಲಿ ನಿಂತುಬಿಡುತ್ತಿದ್ದವು. ಪೋಷಕ ದ್ರವದಲ್ಲಿ ಎಲ್ಲರೂ ಒಳ್ಳೆಯದೆಂದು ಹಾಕುತ್ತಿದ್ದ ಗ್ಲೂಕೋಸೇ ಅದಕ್ಕೆ ವಿಘ್ನವೆಂದು ಶೇಷಗಿರಿ ಅವರು ಅಮೆರಿಕದ ಬ್ಯಾರಿ ಬ್ಯಾವಿಸ್ಟರ್ ಅವರೊಡನೆ 1989ರಲ್ಲಿ ತೋರಿಸಿಕೊಟ್ಟರು. ಆ ತೊಡಕು ಬಿಡಿಸಿದ ಮೇಲೆ ಎಂಟು ಕೋಶಗಳ ಭ್ರೂಣವನ್ನು ತಟ್ಟೆಯಲ್ಲಿಟ್ಟು, ಅದು ಪೊರೆ ಬಿಟ್ಟು ಬರುವವರೆಗೂ ಕಣ್ಣಾರೆ ನೋಡುವುದು ಬೆಂಗಳೂರಿನಲ್ಲಿ ಸಾಧ್ಯವಾಯಿತು.

ಅಲ್ಲಿ ಕಂಡದ್ದು ಇಲಿಯ ಕಥೆಗೆ ಹೊಂದಲಿಲ್ಲ. ಹ್ಯಾಮ್‌ಸ್ಟರಿನ ಭ್ರೂಣ ಉಬ್ಬಿ ಪೊರೆಯನ್ನು ಸೀಳುವುದಿಲ್ಲ. ಉಬ್ಬಿದ ಭ್ರೂಣ ಹೊರಬರುವ ಮೊದಲು ಗಾಳಿ ಬಿಟ್ಟ ಚೆಂಡಿನಂತೆ ಕುಗ್ಗುತ್ತದೆ. ಒತ್ತಡ ಇಳಿದ ಆ ಹೊತ್ತಿನಲ್ಲಿಯೇ ಪೊರೆ ಒಂದು ಕಡೆ ಕರಗಲು ಶುರುವಾಗುತ್ತದೆ. ಬರಬರುತ್ತ ಇಡೀ ಪೊರೆಯೇ ಕರಗಿಹೋಗುತ್ತದೆ. ಹೊರಸಾಲಿನ ಕೋಶಗಳು ಕೈಚಾಚಿದಂತೆ ಸೂಕ್ಷ್ಮವಾದ ಎಳೆಗಳನ್ನು ಚಾಚಿ ಪೊರೆಯನ್ನು ತೂರುವುದನ್ನೂ ಅವರು ಗುರುತಿಸಿದರು. ಎಂದರೆ ಗೋಡೆಯನ್ನು ಕರಗಿಸುವ ಔಷಧ ಭ್ರೂಣದ ಕೈಯಲ್ಲಿಯೇ ಇದೆ.

ಆ ಔಷಧ ಯಾವುದು ಎಂಬುದು ಮುಂದಿನ ಪ್ರಶ್ನೆ. ಪ್ರೋಟೀನನ್ನು ತುಂಡರಿಸುವ ಕಿಣ್ವಗಳಲ್ಲಿ ಹಲವು ಕುಲಗಳಿವೆ. ಒಂದೊಂದು ಕುಲವನ್ನೂ ತಡೆಯುವ ಬೇರೆ ಬೇರೆ ರಾಸಾಯನಿಕಗಳನ್ನು ಭ್ರೂಣವಿದ್ದ ದ್ರವಕ್ಕೆ ಬೆರೆಸಿ ನೋಡಿದಾಗ, ಸಿಸ್ಟೀನ್ ಪ್ರೋಟಿಯೇಸ್ ಎಂಬ ಕುಲವನ್ನು ತಡೆಯುವ ವಸ್ತು ಬಿದ್ದಾಗ ಭ್ರೂಣ ಪೊರೆಯೊಳಗೇ ಉಳಿಯಿತು. ಆ ಕುಲದ ಕೆಥೆಪ್ಸಿನ್ ಎಂಬ ಕಿಣ್ವಗಳೇ ಹ್ಯಾಮ್‌ಸ್ಟರಿನಲ್ಲಿ ಪೊರೆ ಕರಗಿಸುವವು ಎಂದು 2008ರಲ್ಲಿ ಈ ತಂಡ ಪ್ರಕಟಿಸಿತು. ಇಲಿಯಲ್ಲಿ ಕೆಲಸ ಮಾಡುವ ಕಿಣ್ವಗಳು ಟ್ರಿಪ್ಸಿನ್ನನ್ನು ಹೋಲುವ ಬೇರೆಯ ಕುಲದವು. ಒಂದೇ ಬಾಗಿಲು, ಆದರೆ ಪ್ರಾಣಿಗೊಂದು ಬೀಗದ ಕೈ.

ಉಳಿದ ಪ್ರಾಣಿಗಳಲ್ಲಿಯೂ ಇಂಥ ವೈವಿಧ್ಯ ಕಾಣುತ್ತದೆ. ಕುದುರೆಯ ಭ್ರೂಣ ಹಳೆಯ ಪೊರೆಯ ಒಳಗೆ ಹೊಸದೊಂದು ಗಟ್ಟಿ ಕವಚವನ್ನು ಕಟ್ಟಿಕೊಂಡು, ಹಳೆಯದನ್ನು ಕಳಚಿ, ಎರಡು ವಾರದ ತನಕ ಗರ್ಭಕೋಶದಲ್ಲಿ ಗುಂಡಿನಂತೆ ಉರುಳಾಡುತ್ತದೆ. ಗಾಜಿನ ತಟ್ಟೆಯಲ್ಲಿ ಕಂಡದ್ದು ಗರ್ಭದೊಳಗೂ ಹಾಗೆಯೇ ನಡೆಯುತ್ತದೆಂದು ಹೇಳಲೂ ಬರುವುದಿಲ್ಲ. ಅಲ್ಲಿ ತಾಯಿಯ ಗರ್ಭಕೋಶದ ಸ್ರಾವಗಳೂ ಪೊರೆಯನ್ನು ಕರಗಿಸಲು ಕೈಗೂಡಿಸುತ್ತವೆ. ಆದ್ದರಿಂದ ಒಂದು ಪ್ರಾಣಿಯಲ್ಲಿ ಕಂಡ ಸತ್ಯವನ್ನು ಇನ್ನೊಂದರ ಮೇಲೆ ಹಾಗೆಯೇ ಹೊರಿಸಬಾರದೆಂಬ ಎಚ್ಚರವೂ ಬೆಂಗಳೂರಿನ ಕೆಲಸದಿಂದ ಸಿಕ್ಕ ಪಾಠ.

ಹೊರಬಂದವನ ಸುದ್ದಿ

ಪೊರೆ ಕಳಚಿದ ಆಕಳಿನ ಭ್ರೂಣದ ಮುಂದಿನ ನಡೆ ಬೆರಗು ಹುಟ್ಟಿಸುವಂಥದು. ಒಂಬತ್ತನೆಯ ದಿನ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದ್ದ ಗುಂಡು ಮೊದಲು ಮೊಟ್ಟೆಯಾಕಾರಕ್ಕೆ, ಆಮೇಲೆ ಕೊಳವೆಯಾಕಾರಕ್ಕೆ ಬಂದು, 17ನೆಯ ದಿನದ ಹೊತ್ತಿಗೆ ಹೆಚ್ಚುಕಡಿಮೆ ಒಂದು ಗೇಣು ಉದ್ದದ ದಾರವಾಗಿ ಗರ್ಭಕೋಶದ ಕೊಂಬಿನಲ್ಲಿ ಚಾಚಿಕೊಳ್ಳುತ್ತದೆ. ಪೊರೆಯೊಳಗೆ ಇದ್ದಿದ್ದರೆ ಹೀಗೆ ಚಾಚಲು ಎಡೆಯೆಲ್ಲಿತ್ತು?

ಈ ಉದ್ದಕ್ಕೆ ಕಾರಣವಿದೆ. ಭ್ರೂಣ ತಾನು ಬಂದಿದ್ದೇನೆಂಬ ಸುದ್ದಿಯನ್ನು ತಾಯಿಗೆ ಮುಟ್ಟಿಸಬೇಕು. ದಾರದಂತೆ ಚಾಚಿದ ಹೊರಸಾಲಿನ ಕೋಶಗಳು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದು ಗರ್ಭಕೋಶದ ಗೋಡೆಗೆ ಮುಟ್ಟಿದರೆ ಅಂಡಾಶಯದ ಮೇಲಿನ ಹಳದಿ ಗ್ರಂಥಿ ಉಳಿಯುತ್ತದೆ. ಆ ಗ್ರಂಥಿ ಉಳಿದರೆ ಗರ್ಭವನ್ನು ಕಾಯುವ ಪ್ರೊಜೆಸ್ಟೆರಾನ್ ಉಳಿಯುತ್ತದೆ. 15ರಿಂದ 17ನೆಯ ದಿನದೊಳಗೆ ಸುದ್ದಿ ಮುಟ್ಟದಿದ್ದರೆ ತಾಯಿಯ ದೇಹ ಗರ್ಭವಿಲ್ಲವೆಂದೇ ತಿಳಿಯುತ್ತದೆ, ಗ್ರಂಥಿ ಕರಗುತ್ತದೆ, 21ನೆಯ ದಿನದ ಸುಮಾರಿಗೆ ಆಕಳು ಬೆದೆಗೆ ಬರುತ್ತದೆ. ಮನುಷ್ಯರಲ್ಲಿ ಇದೇ ಸುದ್ದಿಯನ್ನು ಎಚ್‌ಸಿಜಿ ಎಂಬ ಹಾರ್ಮೋನು ಒಯ್ಯುತ್ತದೆ; ಔಷಧದಂಗಡಿಯಲ್ಲಿ ಸಿಗುವ ಗರ್ಭಪರೀಕ್ಷೆಯ ಪಟ್ಟಿ ತೋರಿಸುವುದು ಅದನ್ನೇ.

ಹಾಗಾದರೆ "ಗಬ್ಬ ನಿಲ್ಲಲಿಲ್ಲ" ಎಂಬ ಮಾತಿನ ಅರ್ಥವೇನು? ಐರ್ಲೆಂಡಿನ ಪಶುವಿಜ್ಞಾನಿಗಳು 1980ರ ಸುಮಾರಿನಿಂದ ನಡೆಸಿದ ಅಧ್ಯಯನಗಳು ಇದಕ್ಕೆ ಒಂದು ಲೆಕ್ಕ ಕೊಡುತ್ತವೆ. ಒಳ್ಳೆಯ ವೀರ್ಯ ಸರಿಯಾದ ಹೊತ್ತಿಗೆ ಸಿಕ್ಕ ನೂರು ಆಕಳುಗಳಲ್ಲಿ ಸುಮಾರು 90ರಲ್ಲಿ ಅಂಡ ಫಲಿಸುತ್ತದೆ. ಆ ಒಂದೇ ಸಲದ ಗರ್ಭಧಾರಣೆಯಿಂದ ಕರು ಹಾಕುವುದು ಸುಮಾರು 55. ನಡುವೆ ಕಳೆದುಹೋದ ಭ್ರೂಣಗಳಲ್ಲಿ ಬಹುಪಾಲು ಕಳೆಯುವುದು 8ರಿಂದ 16ನೆಯ ದಿನಗಳೊಳಗೆ. ಪೊರೆ ಒಡೆದು ಬರುವ ಬಾಗಿಲೂ ಸುದ್ದಿ ಮುಟ್ಟಿಸುವ ಹಾದಿಯೂ ಇರುವುದು ಈ ದಿನಗಳಲ್ಲಿಯೇ. ಎಂದರೆ ಬೆದೆಗೆ ಮರಳಿದ ಆಕಳುಗಳಲ್ಲಿ ಹೆಚ್ಚಿನವು ಗರ್ಭ ಧರಿಸಿಯೇ ಇದ್ದವು. ಅವು ಗೊಡ್ಡಾಗಿರಲಿಲ್ಲ, ಅವುಗಳ ಭ್ರೂಣ ದಾರಿಯಲ್ಲಿ ನಿಂತಿತ್ತು.

ಭ್ರೂಣ ಯಾವ ಹಂತದಲ್ಲಿ ನಿಂತಿತೆಂದು ಹಳ್ಳಿಯ ಕೊಟ್ಟಿಗೆಯಲ್ಲಿ ತೋರಿಸುವ ಯಂತ್ರವಿಲ್ಲ. ಆದರೆ ಒಂದು ಸಾಧನ ಎಲ್ಲರ ಮನೆಯ ಗೋಡೆಯ ಮೇಲೂ ತೂಗುತ್ತಿರುತ್ತದೆ, ಕ್ಯಾಲೆಂಡರ್. ಆಕಳು 18ರಿಂದ 24 ದಿನಗಳೊಳಗೆ ಬೆದೆಗೆ ಮರಳಿದರೆ ಅಂಡ ಫಲಿಸಲಿಲ್ಲ, ಇಲ್ಲವೆ ಸುದ್ದಿ ಮುಟ್ಟುವ ಮೊದಲೇ ಭ್ರೂಣ ಅಳಿಯಿತು ಎಂದು ಅರ್ಥ. 25 ದಿನ ದಾಟಿ, ತಿಂಗಳೋ ತಿಂಗಳೂ ಮೇಲೋ ಆಗಿ ಮರಳಿದರೆ, ಸುದ್ದಿ ಮುಟ್ಟಿದ ಮೇಲೆ ಭ್ರೂಣ ಅಳಿದಿರುವ ಸಂಭವ ಹೆಚ್ಚು; ನಡುವಿನ ಬೆದೆಯೊಂದು ಕಣ್ಣು ತಪ್ಪಿರಲೂಬಹುದು. ಎರಡಕ್ಕೂ ಕಾರಣಗಳು ಬೇರೆ, ಚಿಕಿತ್ಸೆಯೂ ಬೇರೆ. ಗರ್ಭಧಾರಣೆಯ ದಿನವನ್ನೂ ಬೆದೆ ಮರಳಿದ ದಿನವನ್ನೂ ಬರೆದಿಟ್ಟು ಹೇಳಿದ ರೈತ ಪಶುವೈದ್ಯರ ಅರ್ಧ ಕೆಲಸವನ್ನು ಹಗುರ ಮಾಡುತ್ತಾನೆ.

ಬಿಸಿಲು ಮತ್ತು ಮೊದಲ ವಾರ

ಜತ್ತದ ಬಿಸಿಲಿಗೂ ಈ ಕಥೆಗೂ ನೇರ ನಂಟಿದೆ. ಆಕಳಿನ ಮೈಶಾಖ ಸಾಮಾನ್ಯವಾಗಿ 38.5 ಡಿಗ್ರಿಯ ಆಸುಪಾಸು. ಬಿಸಿಲಿಗೆ ಅದು ಒಂದೆರಡು ಡಿಗ್ರಿ ಏರಿದರೂ ಎರಡು ನಾಲ್ಕು ಕೋಶಗಳ ಹಂತದ ಭ್ರೂಣಕ್ಕೆ ತಡೆಯಲಾಗುವುದಿಲ್ಲ. ಮೊದಲ ಎರಡು ಮೂರು ದಿನ ಅದು ತೀರ ನಾಜೂಕು. ದಿನ ಕಳೆದಂತೆ ತಾಪವನ್ನು ತಾಳುವ ಶಕ್ತಿ ಬರುತ್ತದೆ. ಮೊದಲ ದಿನಗಳಲ್ಲಿ ಬೆಂದ ಭ್ರೂಣಗಳಲ್ಲಿ ಕೆಲವೇ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟುತ್ತವೆ. ಉಳಿದವು ಒಂಬತ್ತನೆಯ ದಿನದ ಬಾಗಿಲಿನವರೆಗೂ ಬರುವುದಿಲ್ಲ. ಅಮೆರಿಕದ ಫ್ಲಾರಿಡಾದಂಥ ಬಿಸಿಲುನಾಡುಗಳಲ್ಲಿ ಏಳು ದಿನದ ಭ್ರೂಣವನ್ನೇ ಗರ್ಭದಲ್ಲಿಟ್ಟಾಗ ಬೇಸಿಗೆಯಲ್ಲಿಯೂ ಫಲ ಚೆನ್ನಾಗಿ ಸಿಕ್ಕಿದ್ದು ಇದೇ ಕಾರಣಕ್ಕೆ.

ದೇಸಿ ತಳಿಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಗೂಳಿಡುಬ್ಬದ ಝೀಬು ದನಗಳ ಭ್ರೂಣವು ಎಚ್‌ಎಫ್ ತಳಿಯ ಭ್ರೂಣಕ್ಕಿಂತ ತಾಪವನ್ನು ಹೆಚ್ಚು ತಾಳುತ್ತದೆಂದು ಬ್ರಾಹ್ಮನ್ ಮತ್ತು ನೆಲ್ಲೋರ್ ತಳಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಬ್ರೆಜಿಲ್‌ನಲ್ಲಿ ಕೋಟಿಗಟ್ಟಲೆ ಇರುವ ನೆಲ್ಲೋರ್ ದನಗಳ ಪೂರ್ವಜರು ಆಂಧ್ರದ ಓಂಗೋಲಿನಿಂದ ಹೋದವರು. ಜತ್ತದ ಯಲ್ಲಮ್ಮನ ಜಾತ್ರೆಯ ದನದ ಪೇಟೆಯಲ್ಲಿ ಎದ್ದು ಕಾಣುವ ಖಿಲಾರಿಯೂ ಅದೇ ಝೀಬು ಕುಲಕ್ಕೆ ಸೇರಿದ್ದು. ಹೆಚ್ಚು ಹಾಲಿನ ಆಸೆಗೆ ಮಿಶ್ರತಳಿ ಕಟ್ಟಿದ ಮನೆಯವರು ನೆರಳಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಮಾಡಬೇಕಾದದ್ದು ದುಬಾರಿಯಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಆ ಬಳಿಕ ಒಂದು ವಾರ, ಅದರಲ್ಲೂ ಮೊದಲ ಮೂರು ದಿನ, ಆಕಳನ್ನು ಬೇವಿನ ಮರದಡಿಯೋ ಚಪ್ಪರದಡಿಯೋ ಕಟ್ಟಿ, ಬೇಕಾದಾಗ ಕುಡಿಯಲು ತಣ್ಣನೆಯ ನೀರಿಡಬೇಕು; ನಡುಮಧ್ಯಾಹ್ನ ದೂರ ಹೊಡೆದುಕೊಂಡು ಹೋಗಬಾರದು. ಖನಿಜ ಮಿಶ್ರಣ ತಪ್ಪಿಸಬಾರದು. ಮೂರು ಸಲ ಮಾಡಿಸಿಯೂ ನಿಲ್ಲದಿದ್ದರೆ ಗರ್ಭಕೋಶದ ಸೋಂಕು, ಮೇವಿನ ಕೊರತೆ, ಹೊತ್ತು ತಪ್ಪಿದ ಗರ್ಭಧಾರಣೆ ಇವುಗಳಲ್ಲಿ ಯಾವುದೆಂದು ಪರೀಕ್ಷೆ ಮಾಡಿಸಬೇಕು. ಸಂತೆಯ ದಾರಿ ಅದಾದ ಮೇಲಿನದು.

ಲೇಸರಿನ ಕಿಂಡಿ

ಮನುಷ್ಯರ ವಿಷಯಕ್ಕೆ ಬಂದರೆ ಈ ಬಾಗಿಲು ಇಂದು ಆಸ್ಪತ್ರೆಯ ಬಿಲ್ಲಿನಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಗರ್ಭದ ಹೊರಗೆ ಅಂಡವನ್ನು ಫಲಿಸಿ ಮಗುವನ್ನು ಪಡೆಯುವ ವಿದ್ಯೆ 1978ರಲ್ಲಿ ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟುವುದರೊಂದಿಗೆ ಜಗತ್ತಿಗೆ ತಿಳಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿ ಸಾಧಿಸಿದ್ದನ್ನು ಅವರ ಕಾಲ ನಂಬಲಿಲ್ಲ. 1986ರ ಆಗಸ್ಟ್ 6ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಇಂಥ ಮಗು ಹುಟ್ಟಿತು. ಆ ಕೆಲಸದಲ್ಲಿ ಜೊತೆಯಾಗಿದ್ದ ವಿಜ್ಞಾನಿ ಟಿ. ಸಿ. ಆನಂದ ಕುಮಾರ್ ಅವರೇ ಮುಂದೆ ಮುಖರ್ಜಿಯವರ ದಾಖಲೆಗಳನ್ನು ಓದಿ, ಮೊದಲಿಗರು ಅವರೇ ಎಂದು ಬಹಿರಂಗವಾಗಿ ಒಪ್ಪಿಕೊಂಡರು.

ಅಂದಿನಿಂದ ಇಂದಿಗೂ ಈ ವಿದ್ಯೆಯನ್ನು ಕಾಡುವ ಪ್ರಶ್ನೆ ಒಂದೇ: ನೋಡಲು ಚೆಂದವಾಗಿ ಬೆಳೆದ ಭ್ರೂಣವನ್ನು ಗರ್ಭದಲ್ಲಿಟ್ಟರೂ ಅದು ಅಂಟಿಕೊಳ್ಳುವುದು ಕೆಲವೇ ಸಲ. ಏಕೆ? ಗಾಜಿನ ತಟ್ಟೆಯಲ್ಲಿ ಬೆಳೆದ ಭ್ರೂಣದ ಪೊರೆ ಗಡಸಾಗಿ, ಅದು ಹೊರಬರಲಾರದೆ ಉಳಿಯುತ್ತಿರಬಹುದೇ? 1990ರ ಸುಮಾರಿಗೆ ಅಮೆರಿಕದಲ್ಲಿ ಜಾಕ್ ಕೋಹೆನ್ ಮತ್ತು ಸಂಗಡಿಗರು, ಬೇರೊಂದು ಕಾರಣಕ್ಕಾಗಿ ಪೊರೆಯಲ್ಲಿ ಕಿಂಡಿ ಮಾಡಿದ್ದ ಭ್ರೂಣಗಳು ಹೆಚ್ಚಾಗಿ ಅಂಟಿಕೊಳ್ಳುವುದನ್ನು ಗಮನಿಸಿದರು. ಬೇಕೆಂದೇ ಕಿಂಡಿ ಕೊರೆದು ಭ್ರೂಣಕ್ಕೆ ನೆರವಾಗುವ ಪದ್ಧತಿ ಅಲ್ಲಿಂದ ಹುಟ್ಟಿತು. ಮೊದಲು ಆಮ್ಲದ ಹನಿಯಿಂದ ಕೊರೆಯುತ್ತಿದ್ದರು, ಈಗ ಲೇಸರ್ ಕಿರಣದಿಂದ. ಇದಕ್ಕೆ ಅಸಿಸ್ಟೆಡ್ ಹ್ಯಾಚಿಂಗ್ ಎಂದು ಹೆಸರು. ಲೇಸರ್ ಹ್ಯಾಚಿಂಗ್ ಎಂಬ ಮಾತೂ ರೂಢಿಯಲ್ಲಿದೆ.

ಯುಕ್ತಿ ಕೇಳಲು ಸೊಗಸಾಗಿದೆ. ಫಲ ಮಾತ್ರ ಅಷ್ಟು ಸೊಗಸಾಗಿಲ್ಲ. ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆ, ಇದರಿಂದ ಮಗು ಹುಟ್ಟುವ ಸಂಭವ ಹೆಚ್ಚುತ್ತದೆಂದು ನಿಶ್ಚಯವಾಗಿ ಹೇಳಲು ಸಾಕಷ್ಟು ಆಧಾರವಿಲ್ಲವೆಂದಿತು. ಅವಳಿ ಗರ್ಭದ ಸಂಭವ ತುಸು ಹೆಚ್ಚಬಹುದೆಂದೂ ಹೇಳಿತು. ಇಕ್ಕಟ್ಟಿನ ಕಿಂಡಿಯಲ್ಲಿ ಸಿಕ್ಕ ಭ್ರೂಣ ಎರಡಾಗಿ ಹರಿಯಬಹುದೆಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಬ್ರಿಟನ್ನಿನ ಸರ್ಕಾರಿ ಚಿಕಿತ್ಸಾ ಮಾರ್ಗದರ್ಶಿಯಾದ ನೈಸ್, ಗರ್ಭ ನಿಲ್ಲುವ ಪ್ರಮಾಣ ಇದರಿಂದ ಏರಿದ್ದು ಕಂಡಿಲ್ಲವೆಂಬ ಕಾರಣ ಕೊಟ್ಟು ಇದನ್ನು ಶಿಫಾರಸು ಮಾಡಿಲ್ಲ.

ಹೀಗೇಕೆ ಎಂಬುದಕ್ಕೆ ಹ್ಯಾಮ್‌ಸ್ಟರಿನ ಪಾಠವನ್ನು ನೆನೆದರೆ ಒಂದು ಎಳೆ ಸಿಗುತ್ತದೆ. ಬಾಗಿಲನ್ನು ಒಳಗಿನಿಂದ ತೆರೆಯುವುದು ಭ್ರೂಣ. ಅದಕ್ಕೆ ಬೇಕಾದ ಕಿಣ್ವಗಳನ್ನು ಸರಿಯಾದ ಹೊತ್ತಿಗೆ ತಯಾರಿಸುವ ಬಲ ಭ್ರೂಣದ ಒಟ್ಟು ಆರೋಗ್ಯದ ಒಂದು ಗುರುತು. ಮನುಷ್ಯರ ಭ್ರೂಣಗಳಲ್ಲಿ ಹಲವು ವರ್ಣತಂತುಗಳ ಲೆಕ್ಕ ತಪ್ಪಿದವು. ತಾಯಿಯ ವಯಸ್ಸು ಏರಿದಂತೆ ಅವುಗಳ ಪಾಲೂ ಏರುತ್ತದೆ. ನಿಂತುಹೋದ ಭ್ರೂಣಕ್ಕೆ ಹೊರಗಿನಿಂದ ಬಾಗಿಲು ತೆರೆದರೆ ಅದು ಎದ್ದು ನಡೆಯುವುದಿಲ್ಲ. ಪೊರೆಯೇ ನಿಜವಾಗಿ ಗಡಸಾಗಿದ್ದ ಕೆಲವರಿಗೆ ಈ ನೆರವು ದಕ್ಕಬಹುದು. ಎಲ್ಲರ ಬಿಲ್ಲಿನಲ್ಲಿಯೂ ಅದನ್ನು ಸೇರಿಸುವುದಕ್ಕೆ ಆಧಾರ ಸಾಲದು.

ಗಡಿಯ ಊರುಗಳ ದಂಪತಿಗಳು ಈ ಚಿಕಿತ್ಸೆಗಾಗಿ ದೂರದ ನಗರಗಳಿಗೆ ಅಲೆಯುತ್ತಾರೆ. ಹೊಲ ಒತ್ತೆಯಿಟ್ಟು, ದನ ಮಾರಿ ಹಣ ಹೊಂದಿಸುವವರೂ ಇದ್ದಾರೆ. ಅಂಥವರಿಗೆ ಕೆಲವು ಪ್ರಶ್ನೆಗಳು ಕೈಯಲ್ಲಿರಬೇಕು. ಈ ಕಿಂಡಿ ಕೊರೆಯುವುದು ಇವರಿಗೇ ಏಕೆ ಬೇಕು? ಅದಿಲ್ಲದಿದ್ದರೆ ಏನಾಗುತ್ತದೆ? ಅದರ ಬೆಲೆ ಬೇರೆ ಎಷ್ಟು? 2021ರ ನೆರವಿನ ಸಂತಾನೋತ್ಪತ್ತಿ ಕಾಯಿದೆಯ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಮಾಡಿಸಿಕೊಂಡಿರಬೇಕು, ದಂಪತಿಗಳ ಲಿಖಿತ ಸಮ್ಮತಿ ಪಡೆದಿರಬೇಕು. ಸಮ್ಮತಿ ಪತ್ರವನ್ನು ತಿಳಿಯುವ ಭಾಷೆಯಲ್ಲಿ ಓದಿಸಿಕೊಂಡ ಮೇಲೆಯೇ ಸಹಿ ಹಾಕುವುದು ಜಾಣತನ. ಗಂಡಿನ ಪರೀಕ್ಷೆ ಮೊದಲೇ ಆಗಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿದೆ. ಮಕ್ಕಳಾಗದ ದಂಪತಿಗಳಲ್ಲಿ ಅರ್ಧದಷ್ಟು ಕಡೆ ಗಂಡಿನ ದೋಷವೂ ಕಾರಣಗಳಲ್ಲಿ ಒಂದು.

ಎಲ್ಲಕ್ಕಿಂತ ದೊಡ್ಡ ಮಾತು ತೀರ್ಪಿನದು. ತಿಂಗಳ ಮುಟ್ಟು ಎಂದಿನಂತೆ ಬಂದಾಗ ಮನೆಯವರು "ಈ ಸಲವೂ ಏನೂ ಇಲ್ಲ" ಎನ್ನುತ್ತಾರೆ. ಏನೂ ಇರಲಿಲ್ಲವೆಂದು ಯಾರೂ ಹೇಳಲಾರರು. ಅವಳ ಅಂಡ ಫಲಿಸಿ, ಎಂಟಾಗಿ, ನೂರಾಗಿ, ಉಬ್ಬಿ, ಬಾಗಿಲವರೆಗೆ ಬಂದು ಅಲ್ಲಿ ನಿಂತಿರಬಹುದು. ಆರೋಗ್ಯವಂತ ಹೆಂಗಸರಲ್ಲಿಯೂ ಹೀಗೆ ಗರ್ಭಗಳು ಗೊತ್ತಾಗದೆ ಬಂದು ಗೊತ್ತಾಗದೆ ಹೋಗುತ್ತವೆ. ಅದು ಯಾರ ಪಾಪವೂ ಅಲ್ಲ, ಯಾರ ಶಾಪವೂ ಅಲ್ಲ. ಮುಂದಿನ ತಿಂಗಳು ಇನ್ನೊಂದು ಅಂಡ ಹೊರಡುತ್ತದೆ.

ಇಂದು ಉಟಗಿಯ ಅಂಗಳಗಳಲ್ಲಿ ಆಡುತ್ತಿರುವ ಮಕ್ಕಳು, ಕೊಟ್ಟಿಗೆಯಲ್ಲಿ ಕಟ್ಟಿದ ಕರುಗಳು, ಮಾಡಗ್ಯಾಳದ ಕುರಿಹಿಂಡಿನ ಮರಿಗಳು, ಎಲ್ಲವೂ ಒಂದು ದಿನ ಆ ಇಕ್ಕಟ್ಟಿನ ಬಾಗಿಲನ್ನು ದಾಟಿ ಬಂದವು. ದಾಟಿದ್ದು ಎಷ್ಟು ಕಷ್ಟದ ದಾರಿಯೆಂದು ತಿಳಿದವರು, ದಾಟಲಾಗದೆ ಹೋದದ್ದಕ್ಕಾಗಿ ಆಕಳನ್ನಾಗಲಿ ಹೆಣ್ಣನ್ನಾಗಲಿ ಹಳಿಯಲಾರರು. ಗೋಡೆಯ ಕ್ಯಾಲೆಂಡರಿನ ಮೇಲೆ ದಿನ ಗುರುತು ಹಾಕಿ, ಆಕಳನ್ನು ನೆರಳಿಗೆ ಕಟ್ಟಿ, ಇನ್ನೊಂದು ಸಲ ಕಾಯುವುದು ಬಡವರ ಕೈಗೂ ಎಟಕುವ ಕೆಲಸ.